ಆ ವರ್ಷದ ಬೆಣ್ಣೆ ಕೃಷ್ಣ

ಗೋಕುಲಾಷ್ಟಮಿಗೆ ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಬೆಣ್ಣೆಯಲ್ಲೇ ಕೃಷ್ಣನನ್ನು ಮಾಡಿ ಬಾಳೆಲೆಯ ಮೇಲೆ ಕೂರಿಸುತ್ತೇವೆ. ಅಂಬೆಗಾಲಿಡುವ ಮಗು, ಕಣ್ಣಿಗೆ ಎರಡು ಮೆಣಸಿನಕಾಳು. ಚಕ್ಕುಲಿ, ಕೋಡುಬಳೆಗಳ ನಡುವೆ ಅವನದೇ ದರ್ಬಾರು. ಬೆಣ್ಣೆ ಚಂದ್ರಾ ಲೇಔಟಿನ ಅಂಗಡಿಯದು. ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ಮಾಡುವ ಕೈ ಮಾತ್ರ ಅಕ್ಕನದು. ಮದುವೆಯಾಗಿ ಕೆಂಗೇರಿಗೆ ಹೋದ ಮೇಲೂ ಹಬ್ಬಕ್ಕೆ ಬಂದೇ ಬರುತ್ತಿದ್ದಳು. ನಾನು ಮಾಡಿದರೆ ಕೃಷ್ಣ ಬೋಂಡದ ಹಾಗೆ ಕಾಣುತ್ತಾನೆಂದು ಮನೆಮಂದಿಯೆಲ್ಲ ನಗುತ್ತಿದ್ದರು.

ಆ ವರ್ಷ ಆಷಾಢದಲ್ಲಿ ಅಕ್ಕನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ತಿಂಗಳು ತುಂಬಿದ ಹೆಣ್ಣು ಮಗು. ‘ಅವಳಿಗೆ ತೋರಿಸ್ಬೇಡಿ, ಮುಖ ನೋಡಿದ್ರೆ ಮರೆಯೋಕಾಗಲ್ಲ’ ಎಂದು ಅಮ್ಮ ಆಸ್ಪತ್ರೆಯಲ್ಲಿ ಹಟ ಹಿಡಿದಳು. ನಮ್ಮ ಕಡೆ ಹಿರಿಯರು ಹೀಗೇ ಮಾಡುವುದು. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ನರ್ಸ್ ನನ್ನ ಕೈಗೆ ಕೊಟ್ಟರು, ನಾನು ಮುಖ ನೋಡಿ ಭಾವನ ಕೈಗೆ ಕೊಟ್ಟೆ. ಅಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಎತ್ತದಿದ್ದರೆ ದುಃಖ ತಾನಾಗಿ ಎದ್ದುಹೋಗುತ್ತದೆ ಅನ್ನುವ ಲೆಕ್ಕ. ನನಗೆ ಅವರೆಲ್ಲರ ಮೇಲೂ ಕೆಂಡದಂಥ ಕೋಪವಿತ್ತು.

ಹಬ್ಬ ಬಂತು. ‘ಈ ಸಲ ಕೃಷ್ಣನ್ನ ಮಾಡೋದು ಬೇಡ, ಬೆಣ್ಣೆ ಬಟ್ಟಲಲ್ಲಿಟ್ರೆ ಸಾಕು’ ಅಂದಳು ಅಮ್ಮ. ಅಕ್ಕ ಕೇಳಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು, ಐಸ್ ನೀರಿನಲ್ಲಿ ಕೈ ಅದ್ದಿ ಅದ್ದಿ ಬೆಣ್ಣೆ ತಿದ್ದತೊಡಗಿದಳು. ಅಂಬೆಗಾಲಿನ ಕೃಷ್ಣನಲ್ಲ, ಮಲಗಿದ ಮಗು. ನಾನು ಮೆಣಸಿನಕಾಳು ಚಾಚಿದೆ.

‘ಕಣ್ಣು ಬೇಡ ಕಣೇ’ ಅಂದಳು. ಆಮೇಲೆ ತಲೆಯೆತ್ತದೆ ಕೇಳಿದಳು: ‘ನೀನು ನೋಡಿದ್ದೀಯಲ್ಲ. ಮೂಗು ಹೆಂಗಿತ್ತು?’

ಅಳಬಾರದು, ಅತ್ತರೆ ಹೇಳುವುದಕ್ಕಾಗುವುದಿಲ್ಲ ಅಂದುಕೊಂಡೆ.

‘ನಿಂದೇ ಅಕ್ಕ. ತುದೀಲಿ ಸ್ವಲ್ಪ ಮೊಂಡು.’

‘ಹಿಂಗಾ?’

‘ಇನ್ನೂ ಚಿಕ್ಕದು.’

‘ಕೆನ್ನೆ?’

‘ತುಂಬ್ಕೊಂಡಿತ್ತು. ಗಲ್ಲದಲ್ಲಿ ಭಾವನ ಥರ ಗುಳಿ.’

ಕಿರುಬೆರಳ ತುದಿಯಿಂದ ಗುಳಿ ಒತ್ತಿ, ಬಹಳ ಹೊತ್ತು ನೋಡಿದಳು. ‘ಇವಳೇನಾ?’

‘ಹೂಂ ಅಕ್ಕ. ಹಿಂಗೇ ಇದ್ಲು.’

ಅಕ್ಕ ಅದನ್ನು ಎಲೆಯ ಮೇಲೆ ಇಡಲಿಲ್ಲ. ಎರಡೂ ಅಂಗೈಯಲ್ಲಿ ಎತ್ತಿ ಎದೆಯ ಹತ್ತಿರ ತಂದುಕೊಂಡಳು. ಕೈಯ ಕಾವಿಗೆ ಬೆಣ್ಣೆ ಮೆತ್ತಗಾಗಿ, ಬೆರಳ ಸಂದಿಯಿಂದ ಜಿನುಗಿ ಚೂಡಿದಾರದ ಮೇಲೆ ಬೀಳತೊಡಗಿತು.

‘ಕರಗ್ತಾ ಇದೆ ಅಕ್ಕ, ನೀರಿಗೆ ಬಿಡು’ ಎಂದು ಕೈ ಚಾಚಿದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳೆಂದು ಆಗಲೇ ಗೊತ್ತಾದದ್ದು. ಬಂದು ನನ್ನ ಕೈ ಹಿಡಿದು ತಡೆದಳು.

‘ಇರ್ಲಿ ಬಿಡೇ, ಹಿಡ್ಕೊಳ್ಲಿ. ಆವತ್ತು ನಾನು ಬಿಡ್ಲಿಲ್ಲ.’

ಆಮೇಲೆ ಅಕ್ಕನ ಪಕ್ಕ ಕುಕ್ಕರಿಸಿ, ಮೊಮ್ಮಗಳ ಮುಖ ನೋಡಲು ಬಾಗಿದಳು. ಮೂಗು ಆಗಲೇ ಕರಗಿಹೋಗಿತ್ತು.