ಬೀಗ ಬಿದ್ದ ಮನೆಗಳ ಮತದಾರರು

ಪೂರ್ತಿ ಬೆಳಕು ಹರಿದಿಲ್ಲ. ಬೆಳಗಾವಿ ಹತ್ತಿರದ ಕಾಕತಿಯಾಚೆಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ರಾತ್ರಿ ತರುಬಿ ನಿಲ್ಲಿಸಿದ ಕುರಿಗಳು ಆಗಲೇ ಎದ್ದು ನಿಂತಿವೆ. ಅವು ಮೇಯಲು ಹೊರಟರೆ ಮಂದಿ ಕೈಗೆ ಸಿಗುವುದಿಲ್ಲ. ಅದಕ್ಕೇ ಸತ್ಯವ್ವ ಕೆಸರಿನಲ್ಲೂ ದಾಪುಗಾಲು ಹಾಕುತ್ತಾರೆ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಒಳಗೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಗಳು, ಹೆಬ್ಬೆಟ್ಟಿಗೆ ಬೇಕಾದ ಶಾಯಿ. ಹಿಂದಿನ ದಿನ ಪೀರನವಾಡಿಯ ತಂಗಿಯ ಮನೆಯಲ್ಲಿ ಉಳಿದು, ಮೊದಲ ಬಸ್ಸಿಗೆ ಬಂದಿದ್ದಾರೆ.

ಇದು ಈ ವರ್ಷದ, ಅಂದರೆ ೧೯೮೯ರ ಮಳೆಗಾಲದ ಮಾತು.

ಸತ್ಯವ್ವ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ವಾಲೀಕಾರ್ತಿ. ಸರ್ಕಾರದ ಸುದ್ದಿಯನ್ನು ಊರಿಗೆ ಸಾರುವುದು, ಅಧಿಕಾರಿ ಬಂದರೆ ಮನೆ ತೋರಿಸುವುದು ಅವರ ಕೆಲಸ. ಹತ್ತು ವರ್ಷದ ಹಿಂದೆ ಹಾವು ಕಡಿದು ಗಂಡ ತೀರಿಕೊಂಡಾಗ ಅವನ ಕೆಲಸ ಇವರಿಗೆ ಬಂತು. "ಹೆಣ್ಣಮಗಳು ಏನು ಸಾರ್ತಾಳ ಅಂತ ನಕ್ಕರ್ರಿ. ನನ್ನ ಧ್ವನಿ ಅವನಕಿಂತ ದೊಡ್ಡದೈತಿ. ಕನ್ನಡದಾಗ ಒಮ್ಮೆ, ಮರಾಠಿಯೊಳಗ ಒಮ್ಮೆ ಕೂಗಿದ್ನಿ. ನಗೂದು ನಿಂತ್ತು."

ಊರ ಪಕ್ಕದ ವಾಡಿಯ ಕುರುಬರು ಮಳೆ ಹಿಡಿದರೆ ಕುರಿ ಹೊಡೆದುಕೊಂಡು ಬಯಲುಸೀಮೆಯತ್ತ ಹೋಗುತ್ತಾರೆ; ದೀಪಾವಳಿಗೆ ಮರಳುತ್ತಾರೆ. ಪಟ್ಟಿ ತಿದ್ದಲು ಬಂದವರು ಒಮ್ಮೆ ಬೀಗ ಕಂಡು, ಇಲ್ಲಿ ಯಾರೂ ವಾಸವಿಲ್ಲವೆಂದು ಹೆಸರುಗಳನ್ನು ತೆಗೆದುಹಾಕಿದರು. ೧೯೮೫ರ ಚುನಾವಣೆಯಲ್ಲಿ ಮುದುಕಿ ಭರಮವ್ವ ಹೊಳೆ ದಾಟಿ ಮತಗಟ್ಟೆಗೆ ಹೋಗಿ, ಹೆಸರಿಲ್ಲವೆನ್ನಿಸಿಕೊಂಡು ತಿರುಗಿ ಬಂದಳು.

"ಸತ್ತವರ ಹೆಸರು ತಗೀತಾರಂತ ಕೇಳಿದ್ನಿ. ನಾ ಏನು ಸತ್ತೀನೇನವ್ವಾ?" ಎಂದು ಆಕೆ ಕೇಳಿದ್ದು ಸತ್ಯವ್ವನ ಎದೆಗೆ ನಾಟಿತು. ಮನೆ ತೋರಿಸುವವಳು ನಾನಲ್ಲವೇ ಎಂಬ ಸಂಕಟ.

ಮರುದಿನವೇ ಖಾನಾಪುರದ ತಾಲ್ಲೂಕು ಕಚೇರಿಗೆ ನಡೆದರು. ಬೆಳಗಾವಿಯ ಶಿವಬಸವ ನಗರದಿಂದ ದಿನಾ ಓಡಾಡುವ ಗುಮಾಸ್ತ ಗುರುಪುತ್ರಪ್ಪ ಕುರ್ಚಿ ಕೊಟ್ಟು ನಿಯಮ ಬಿಡಿಸಿ ಹೇಳಿದರು. "ದುಡಿಯಾಕ ನಾಲ್ಕು ತಿಂಗಳು ಹೊರಗ ಹೋದ್ರ ಊರು ಬಿಟ್ಟಂಗ ಆಗೂದಿಲ್ಲ ಸತ್ಯವ್ವ. ಮನಿ ಇಲ್ಲೇ ಐತಿ, ಹಕ್ಕೂ ಇಲ್ಲೇ ಐತಿ. ಆದ್ರ ಅರ್ಜಿ ಅವರs ಕೊಡಬೇಕು." ಅವರು ಬರಲಾಗದಿದ್ದರೆ ಅರ್ಜಿಯೇ ಅವರಲ್ಲಿಗೆ ಹೋಗಲಿ ಎಂದು ಸತ್ಯವ್ವ ನಿರ್ಧರಿಸಿದರು. ಅಂದಿನಿಂದ ಪಟ್ಟಿ ತಿದ್ದುವ ಕಾಲ ಬಂದರೆ ರಜೆ ಹಾಕಿ ಕುರಿಹಟ್ಟಿಗಳನ್ನು ಹುಡುಕುತ್ತಾರೆ; ಭರಮವ್ವನ ಹಟ್ಟಿ ಮಾತ್ರ ಈವರೆಗೆ ಕೈಗೆ ಸಿಕ್ಕಿರಲಿಲ್ಲ.

ಕಾಕತಿಯ ಹೊಲದಲ್ಲಿ ಭರಮವ್ವನ ಮಗ ಮಾಯಪ್ಪ ಮುಖ ತಿರುಗಿಸುತ್ತಾನೆ. ಹೆಸರು ಬರೆಸಿದರೆ ಕುರಿ ಎಣಿಸಿ ತೆರಿಗೆ ಹಾಕುತ್ತಾರೆಂಬ ಪುಕಾರು ಅವನ ಕಿವಿಗೂ ಬಿದ್ದಿದೆ.

"ಕುರಿ ಬರಿಯಾಕ ಬಂದಿಲ್ಲೋ ಅಣ್ಣಾ, ಮಂದಿ ಬರಿಯಾಕ ಬಂದೀನಿ," ಎನ್ನುತ್ತಾರೆ ಸತ್ಯವ್ವ. "ನಿಮ್ಮ ವಾಡಿಗೆ ಬೋರು ಯಾಕ ಬಂದಿಲ್ಲ? ಪಟ್ಟಿಯೊಳಗ ನೀವು ಇಲ್ಲs ಇಲ್ಲ. ಯಾರು ಕೇಳ್ತಾರ?"

ಮಾಯಪ್ಪ ಕುರಿಗಳತ್ತ ನಡೆಯುತ್ತಾನೆ. ಭರಮವ್ವ ಮಾತ್ರ ಆಗಲೇ ಹೆಬ್ಬೆರಳು ಚಾಚಿದ್ದಾಳೆ. ಅವಳ ಹಿಂದೆ ಮೊಮ್ಮಗಳು ನಿಂಗವ್ವ. ಮತದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು ಅವಳಿಗೆ ಗೊತ್ತೇ ಇಲ್ಲ. "ನಂದೂ ಬರಕೋತಾರೇನ್ರಿ?" ಎಂದು ಎರಡೆರಡು ಸಲ ಕೇಳುತ್ತಾಳೆ. ಕೊನೆಗೆ ಮಾಯಪ್ಪನೂ ಬಂದು ಕೂರುತ್ತಾನೆ.

ನವೆಂಬರಿನ ಚುನಾವಣೆಯ ದಿನ ವಾಡಿಯ ಮಂದಿ ಗುಂಪುಗೂಡಿ ಬಂದರು. ಈ ಸಲ ಭರಮವ್ವನ ಹೆಸರು ಪಟ್ಟಿಯಲ್ಲಿತ್ತು. ಸಾಲಿನಲ್ಲಿ ನಿಂತವಳು ಸತ್ಯವ್ವನ ಸೆರಗು ಜಗ್ಗಿ, "ಯಾರಿಗೆ ಹಾಕ್ಲಿ ಹೇಳಬೇ?" ಎಂದು ಪಿಸುಗುಟ್ಟಿದಳು.

ಸತ್ಯವ್ವ ಮೆಲ್ಲಗೆ ಸೆರಗು ಬಿಡಿಸಿಕೊಂಡರು. "ಬಾಗಲತನಕ ಕರಕೊಂಡು ಬರೂದು ನನ್ನ ಕೆಲಸ ಆಯೀ. ಒಳಗ ನೀನs ಯಜಮಾನ್ತಿ."