ಪುಸ್ತಕದ ಗಾಳಿ

ಸೆಂತಾನಿಯ ನಮ್ಮ ಪುಟ್ಟ ವಿಮಾನ ತರಬೇತಿ ಶಾಲೆಯಲ್ಲಿ ದೋರ್ಚೆ ರುಮೆಂಗನ್ ಹನ್ನೆರಡು ವರ್ಷ ಸಿಮ್ಯುಲೇಟರ್ ನೋಡಿಕೊಂಡಳು. ನೆಲ ಬಿಟ್ಟೇಳದ ಆ ಯಂತ್ರದಲ್ಲಿ ಕೂತು ಪಾಪುವಾದ ಗುಡ್ಡಗಳ ಮೇಲೆ ಹಾರುವುದನ್ನು ಹುಡುಗರು ಕಲಿಯುತ್ತಿದ್ದರು. ಅದರೊಳಗಿನ ಗಾಳಿ ಹೇಗಿರಬೇಕೆಂದು ತುಂಬುವವಳು ಅವಳು. ಪಕ್ಕದ ಮೇಜಿನ ಗುಮಾಸ್ತ ನಾನು.

ಯಂತ್ರಕ್ಕೇ ಬಿಟ್ಟರೆ ಅದು ಪುಸ್ತಕದ ಲೆಕ್ಕ ಹಿಡಿಯುತ್ತದೆ: ಸಮುದ್ರಮಟ್ಟದಲ್ಲಿ ಹದಿನೈದು ಡಿಗ್ರಿ, ಸಾವಿರ ಅಡಿಗೆ ಎರಡೆರಡು ಕಡಿಮೆ. ಹಾಗಾದರೆ ಆರು ಸಾವಿರ ಅಡಿ ಎತ್ತರದ ರನ್‌ವೇಯಲ್ಲಿ ಮೂರೇ ಡಿಗ್ರಿ. ನಿಜವಾಗಿ ಅಲ್ಲಿ ಮಧ್ಯಾಹ್ನ ಇಪ್ಪತ್ತೈದು. ಬಿಸಿಗಾಳಿ ತೆಳು, ಎಂಜಿನ್ನಿಗೆ ಶಕ್ತಿ ಸಾಲದು, ರೆಕ್ಕೆಗೆ ಆಸರೆ ಸಿಗದು.

ಅವಳು ಯಂತ್ರಕ್ಕೆ ಆ ಇಪ್ಪತ್ತೈದು ಡಿಗ್ರಿ ತುಂಬಿದ ವಾರ ಐವರಲ್ಲಿ ನಾಲ್ವರು ಪರದೆಯ ಮೇಲೆ ಗುಡ್ಡಕ್ಕೆ ಬಡಿದರು. ಮುಖ್ಯಸ್ಥ ಪಾಕ್ ವಾರ್ಸಿತೊ ಒಳಗೆ ಬಂದರು. ನಮ್ಮಲ್ಲಿ ಗೌರವಕ್ಕೆ ಗಂಡಸರನ್ನು ಪಾಕ್, ಹೆಂಗಸರನ್ನು ಇಬು ಎನ್ನುತ್ತೇವೆ.

“ಏನ್ ಇಬು ದೋರ್ಚೆ, ಹುಡುಗ್ರನ್ನ ಪಾಸ್ ಮಾಡಿಸ್ತೀರೋ, ಮಸಣಕ್ಕೆ ಕಳಿಸ್ತೀರೋ?”

“ಅಲ್ಲಿನ ಗಾಳೀನೇ ಹಾಗಿದೆ ಪಾಕ್.”

“ಪುಸ್ತಕದ್ದು ಹಾಕಿ. ಪರೀಕ್ಷೆಗೆ ಅಷ್ಟು ಸಾಕು.”

ಅವಳು ಹಾಕಿದಳು. ಗಾಳಿಯ ಲೆಕ್ಕ ಸರಿಯಿದೆ ಎನ್ನುವ ಹಾಳೆಗೆ ಸಹಿಯನ್ನೂ ಮಾಡಿದಳು.

ಗುಡ್ಡದ ಹಳ್ಳಿಯ ಓತ್ನಿಯೆಲ್ ಕೊಗೋಯಾ ಎಲ್ಲರಿಗಿಂತ ಚೆನ್ನಾಗಿ ಪಾಸಾದ. ಹೊರಡುವ ದಿನ ಅವಳಿಗೆ ಸುಟ್ಟ ಗೆಣಸು ಕೊಟ್ಟು, “ಇಬು, ನಿಮ್ಮ ಗುಡ್ಡ ನಮ್ಮೂರ ಗುಡ್ಡಕ್ಕಿಂತ ಒಳ್ಳೇದು, ಕೇಳಿದ್ರೆ ದಾರಿ ಬಿಡತ್ತೆ” ಎಂದು ನಕ್ಕ.

ಎಂಟು ತಿಂಗಳ ನಂತರ ಒಂದು ಮಧ್ಯಾಹ್ನ ಅವನು ತನ್ನೂರಿನಲ್ಲಿ ಅಕ್ಕಿ ಇಳಿಸಿ, ಎಂಟು ಜನರನ್ನು ಹತ್ತಿಸಿಕೊಂಡು ಮೇಲೆದ್ದ. ಕಣಿವೆಯಾಚೆಯ ಗುಡ್ಡದ ನೆತ್ತಿ ದಾಟಲಿಲ್ಲ. ಯಾರೂ ಉಳಿಯಲಿಲ್ಲ.

ಮರುದಿನ ದೋರ್ಚೆ ಆ ದಿನದ ಬಿಸಿಲು, ಆ ದಿನದ ಭಾರ ತುಂಬಿ ತಾನೇ ಸಿಮ್ಯುಲೇಟರಿನಲ್ಲಿ ಕೂತಳು. ಏಳು ಸಲ ಮೇಲೆದ್ದಳು, ಏಳು ಸಲವೂ ಅದೇ ನೆತ್ತಿಗೆ ಬಡಿದಳು. ಮೂರು ಡಿಗ್ರಿ ಹಾಕಿದಾಗ ವಿಮಾನ ಸಲೀಸಾಗಿ ದಾಟಿತು. ಅವಳು ಅಲ್ಲೇ ಮುಖ ಮುಚ್ಚಿಕೊಂಡಳು.

ವಿಚಾರಣೆಗೆ ಬಂದವರಿಗೆ ಎಲ್ಲವನ್ನೂ ಹೇಳಿದಳು.

“ಸಹಿ ಯಾರದ್ದು?”

“ನಂದೇ. ಹಾಕ್ಸಿದ್ದು ಪಾಕ್ ವಾರ್ಸಿತೊ.”

ಪಾಕ್ ವಾರ್ಸಿತೊ ತಮಗೆ ನೆನಪಿಲ್ಲ ಎಂದರು. ವಿಚಾರಣೆಯವರು ನನ್ನನ್ನು ಕೇಳಿದರು. ನಾನು, “ಕೇಳಿಸ್ಲಿಲ್ಲ ಸರ್” ಎಂದೆ.

ತಪ್ಪು ಪೈಲಟ್‌ನದೆಂದು ವರದಿ ಬಂತು. ದೋರ್ಚೆಯ ಕೆಲಸ ಹೋಯಿತು. ನನ್ನ ಕಡೆ ನೋಡದೆ ಚೀಲ ತೆಗೆದುಕೊಂಡು ನಡೆದಳು.

ಅವಳು ಓತ್ನಿಯೆಲ್‌ನ ತಾಯಿಯ ಬಳಿಗೆ ಹೋದಳೆಂದು ಆ ಊರಿಗೆ ಹಾರುವ ಪೈಲಟ್ ಒಬ್ಬ ಆಮೇಲೆ ಹೇಳಿದ. ದೋರ್ಚೆ ಹೇಳಿದ್ದನ್ನೆಲ್ಲ ಕೇಳಿ ಮುಗಿಸಿದ ಮುದುಕಿ, “ಇಲ್ಲಿ ಎಲ್ರೂ ನನ್ನ ಮಗನೇ ಕೊಂದ ಅಂತಾರೆ. ಭಾನುವಾರ ಚರ್ಚಲ್ಲಿ ನಿಂತು ಇದನ್ನೇ ಹೇಳ್ತೀಯಾ?” ಎಂದಳಂತೆ.

“ಹೇಳ್ತೀನಮ್ಮಾ.”

ಆ ಭಾನುವಾರ ಚರ್ಚಿನಲ್ಲಿ ಸತ್ತ ಎಂಟೂ ಪ್ರಯಾಣಿಕರ ಮನೆಯವರು ಇದ್ದರು. ದೋರ್ಚೆ ತನ್ನ ಸಹಿಯ ವಿಷಯವನ್ನೂ ಬಿಡದೆ ಹೇಳಿದಳು. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಕೊನೆಗೆ ಮುದುಕಿಯೂ ಅವಳ ಕಡೆ ನೋಡದೆ ಎದ್ದು ಹೋದಳು.