ವಾಸನೆಯಕ್ಕ ವಾಪಸು ಕಳಿಸಿದ ಹಾಲು

ಡೇರಿಯಲ್ಲಿ ಹಾಲು ಪರೀಕ್ಷಿಸುವ ಯಂತ್ರ ಇರಲಿಲ್ಲವೆಂದಲ್ಲ, ಇತ್ತು. ಆದರೆ ಊರು ನಂಬುತ್ತಿದ್ದುದು ವಾಸನೆಯಕ್ಕನ ಮೂಗನ್ನು. ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಹಸು ನಿನ್ನೆ ಏನು ಮೇಯ್ದಿತ್ತು, ಕೆಚ್ಚಲಿಗೆ ಬಾವು ಬಂದಿದೆಯೇ, ಎಲ್ಲ ಹೇಳಿಬಿಡುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿದವಳಲ್ಲ. "ನನ್ ಗಂಡ ಎಲ್ಲೆಲ್ಲಿ ಹೋಗಿ ಬಂದ ಅಂತಾನೂ ಮೂಸಿ ಹೇಳ್ತೀನಿ ಕಣ್ರೇ" ಎಂದು ಸಾಲಿನಲ್ಲಿ ನಿಂತವರನ್ನೆಲ್ಲ ನಗಿಸುತ್ತಿದ್ದಳು.

ಆಮೇಲೆ ಸರ್ಕಾರ ಅಕ್ಕಪಕ್ಕದ ದೇಶಗಳ ಜೊತೆ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಂಡಿತು. ಸುಂಕ ಹೋಯಿತು, ಹೊರಗಿನ ಹಾಲಿನ ಪುಡಿ ಮೂಟೆ ಮೂಟೆ ಬಂದು ಬಿತ್ತು. ಪುಡಿಗೆ ನೀರು ಬೆರೆಸಿದರೆ ಅರ್ಧ ಖರ್ಚಿಗೆ ಹಾಲು! ಇನ್ನು ಒಂದೋ ಎರಡೋ ಹಸು ಕಟ್ಟಿದವರ ಹಾಲು ಯಾರಿಗೆ ಬೇಕು? ಆದರೆ ಒಳ್ಳೆಯ ಹಾಲನ್ನು ಬೇಡವೆನ್ನುವಂತಿಲ್ಲ, ಡೇರಿಯ ನಿಯಮ ಹಾಗಿತ್ತು. ಮ್ಯಾನೇಜರು ಅವಳನ್ನು ಒಳಗೆ ಕರೆದ.

"ದಿನಕ್ಕೆ ಹತ್ತು ಕ್ಯಾನ್ ಕೆಟ್ಟಿದೆ ಅನ್ನು. ನೀನಂದ್ರೆ ಯಾರೂ ಜಗಳಕ್ಕೆ ಬರಲ್ಲ. ಆಗಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಥೂ, ಅವನ ಬಾಯಿಗೆ ಹುಳ ಬೀಳ! ಮನೆಗೆ ಅವಳ ಸಂಬಳವೊಂದೇ ಗತಿ. ಹೂಂ ಅಂದಳು. ಸುಳ್ಳೇಕೆ, ಮೊದಲ ವಾರ ತನಗಾಗದವರನ್ನೇ ಆರಿಸಿ ವಾಪಸು ಕಳಿಸಿದಳು. ಆಗದವರು ಬೇಗ ಮುಗಿದುಹೋದರು.

"ನಿಮ್ಮಣ್ಣನ ಹಾಲು ಮಾತ್ರ ದಿನಾ ಚೆನ್ನಾಗಿರುತ್ತೆ, ಅಲ್ವಾ?" ಅಂದ ಮ್ಯಾನೇಜರು.

ಮರುದಿನ ಅಣ್ಣನ ಕ್ಯಾನಿಗೆ ಮೂಗಿಟ್ಟಳು. ಬೆಚ್ಚಗಿನ, ಒಂಚೂರೂ ಕಲ್ಮಶವಿಲ್ಲದ ಹಾಲು. "ಅಣ್ಣಾ, ಯಾಕೋ ಕೆಟ್ಟ ವಾಸನೆ" ಅಂದಳು. ಹೀಗೇ ಮೂರು ದಿನ ಅಂದಳು.

ನಾಲ್ಕನೆಯ ಬೆಳಿಗ್ಗೆ ಅಣ್ಣ ಬರಿಗೈಲಿ ಬಂದ. ಗೇಟಿನಾಚೆ ಲಾರಿ, ಅದರ ಮೇಲೆ ಅವನಿಗಿದ್ದ ಒಂದೇ ಹಸು.

"ಕಸಾಯಿಗೆ ಕೊಟ್ಬಿಟ್ಟೆ ಕಣಮ್ಮ. ಔಷಧಿ ಹಾಕಿದ್ರೂ ವಾಸಿಯಾಗಲಿಲ್ವಲ್ಲ. ಬೇರೆಯವರಿಗೆ ಮಾರಿದ್ರೆ ಅವರ ಮಕ್ಕಳೂ ಅದೇ ಹಾಲು ಕುಡೀಬೇಕಲ್ಲ, ಪಾಪ. ಸರಿ ಮಾಡಿದ್ನಾ?"

ಅವಳು ಲಾರಿಯತ್ತ ನೋಡಿದಳು. ಡ್ರೈವರು ಇನ್ನೂ ಬೀಡಿ ಸೇದುತ್ತ ಕೆಳಗೇ ನಿಂತಿದ್ದ. ಒಂದು ಮಾತು ಸಾಕಿತ್ತು, ಹಸು ಇಳಿಯುತ್ತಿತ್ತು. ಬಾಗಿಲಲ್ಲಿ ಮ್ಯಾನೇಜರು ಕೈಕಟ್ಟಿ ನೋಡುತ್ತಿದ್ದ.

"ಸರಿ ಮಾಡ್ದೆ, ಅಣ್ಣಾ."

"ನೀನಂದ್ಮೇಲೆ ಮುಗೀತು" ಎಂದು ಅಣ್ಣ ನಿರಾಳವಾಗಿ, ಡ್ರೈವರಿಗೆ ಹೊರಡು ಎಂದು ಕೈ ಬೀಸಿದ.